ತವರಿಗೆ ಹೋದವರ ಬಣ್ಣ

ಸುಮಿತ ತನ್ನ ಕಂಪನಿಗೆ ಓಸರಿ ಎಂದು ಹೆಸರಿಟ್ಟದ್ದಕ್ಕೆ ಒಂದು ಕಾರಣ ಹೇಳುತ್ತಿದ್ದ. ಹೇಳಿದಾಗೆಲ್ಲ ಅವನಿಗೇ ಖುಷಿಯಾಗುತ್ತಿತ್ತು. ಅವನು ಹುಟ್ಟಿದ ನಿಲಂಗಾದ ಕಡೆ ಮನೆಯ ಮುಂದಿನ ಪಡಸಾಲೆಗೆ ಮರಾಠಿಯಲ್ಲಿ ಓಸರಿ ಅನ್ನುತ್ತಾರೆ. "ನಾವು ಮನಿ ಕಟ್ಟಂಗಿಲ್ಲ. ಮಂದಿ ಕಟ್ಟಿದ ಮನಿಗೆ ಓಸರಿ ಹಚ್ಚಿ ಕೊಡ್ತೀವಿ. ಅದರಾಗ ಕುಂತಾಂವಗ ಮನಿ ಎಲ್ಲಿ ಮುಗೀತು, ಓಸರಿ ಎಲ್ಲಿ ಸುರು ಆತು, ತಿಳೀಬಾರದು. ತಿಳೀತಂದ್ರ ನಮ್ಮ ಕೆಲಸ ಕೆಟ್ಟಂಗ."

ಮಾತು ಸುಳ್ಳಲ್ಲ. ಬೇರೆ ಸಂಸ್ಥೆಯವರು ತಮ್ಮ ಕೆಲಸಕ್ಕೆಂದು ಆ್ಯಪ್ ಮಾಡಿಸಿಕೊಂಡಿರುತ್ತಾರೆ. ಅದರೊಳಗೆ ದಿನವೂ ಬಂದು ಬೀಳುವ ಮಾಹಿತಿಯನ್ನು ಸೋಸಿ, ಕೂಡಿಸಿ, ಬಣ್ಣದ ಗೋಲಗಳಾಗಿ ತೋರಿಸುವ ಭಾಗವನ್ನು ಓಸರಿ ತಯಾರಿಸಿ ಆ ಆ್ಯಪಿನ ಹೊಟ್ಟೆಯೊಳಗೇ ಕೂಡ್ರಿಸುತ್ತಿತ್ತು. ಮೇಲೆ ಸಂಸ್ಥೆಯದೇ ಹೆಸರು, ಸಂಸ್ಥೆಯದೇ ಗುರುತು. ಓಸರಿ ಎಂಬ ಅಕ್ಷರ ಹುಡುಕಿದರೂ ಸಿಗುತ್ತಿರಲಿಲ್ಲ. ಇದನ್ನು ಮೆಚ್ಚಿ ಮುಂಬಯಿಯ ಹೂಡಿಕೆದಾರರು ಒಂದು ಸಲ ಬಂಡವಾಳ ಹಾಕಿದ್ದರು. ಎರಡನೆಯ ಸಲ ಹಾಕುವ ಮೊದಲು, ಗಿರಾಕಿಗಳು ಸಂತೋಷವಾಗಿದ್ದಾರೋ ಇಲ್ಲವೋ ಎಂದು ನೋಡಲು ಬರುವವರಿದ್ದರು.

ಸುಮಿತ ಪುಣೆಯ ಮುಖ್ಯ ಕಚೇರಿಯಲ್ಲಿದ್ದ. ಸಾರಿಕಾ ಇದ್ದದ್ದು ಓಸರಿಯ ಉದಗೀರ ಕಚೇರಿಯಲ್ಲಿ. ಕಚೇರಿ ಅಂದರೆ ಅಡತಿ ಅಂಗಡಿಯ ಮೇಲಿನ ಎರಡು ಖೋಲಿ. ಕೆಳಗೆ ತೊಗರಿ ಹಸನು ಮಾಡುವ ಮಷೀನು ಸುರುವಾದರೆ ಮೇಲೆ ಟೇಬಲ್ಲಿನ ಮೇಲಿನ ಚಹದ ಕಪ್ಪು ತಾನಾಗಿ ಜರುಗುತ್ತಿತ್ತು.

ಅವಳು ಉಮರ್ಗಾ ತಾಲೂಕಿನ ಮುರುಮದ ಜಂಗಮರ ಮಗಳು. ತಂದೆ ಪ್ರಭುಲಿಂಗಯ್ಯ ಊರ ಭಕ್ತರ ಮನೆಗಳಿಗೆ ಅಯ್ಯನವರು. ತೊಟ್ಟಿಲಿಗೂ ಅವರೇ, ಮದುವೆಗೂ ಅವರೇ, ಮಣ್ಣಿಗೂ ಅವರೇ. ಬೆಳಗಿನ ಜಾವ ಅವರು ಪದ್ಯ ಹೇಳಿಕೊಳ್ಳುತ್ತ ಕೂತರೆ ಸಾರಿಕಾ ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಅರ್ಥ ಕೇಳಿದರೆ, ಮೊದಲು ಕಿವಿ ತುಂಬಲಿ, ಅರ್ಥ ತಾನಾಗಿ ಇಳೀತದ, ಅನ್ನುತ್ತಿದ್ದರು. ಹಾಗೆ ಬೆಳೆದವಳಿಗೆ ಮಾತಾಡುವುದಕ್ಕಿಂತ ಕೇಳುವುದೇ ರೂಢಿ. ಲಿಂಗಪೂಜೆ ಮುಗಿಯದೆ ಲ್ಯಾಪ್‌ಟಾಪು ತೆರೆಯುತ್ತಿರಲಿಲ್ಲ. ಗಿರಾಕಿಗಳು ಬೈಯುವಾಗಲೂ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವವಳು ಇವಳೊಬ್ಬಳೇ ಎಂದು ಸುಮಿತ ಅವಳನ್ನೇ ಮುಂದೆ ಮಾಡುತ್ತಿದ್ದ. ಗೋಲಗಳ ಹಿಂದಿನ ನಿಯಮ ಬರೆಯುವುದೂ ಅವಳದೇ ಕೆಲಸವಾಗಿತ್ತು.

ಆ ವರ್ಷ ಬೈಗುಳ ಬಂದದ್ದು ಬಸುರಿ ಬಾಣಂತಿಯರ ಸೇವೆಗೆಂದು ನಡೆಯುತ್ತಿದ್ದ ಒಂದು ಧರ್ಮಾರ್ಥ ಸಂಸ್ಥೆಯಿಂದ. ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲೂಕಿನಲ್ಲಿ ಅವರ ಸಿಸ್ಟರುಗಳು ಟ್ಯಾಬ್ ಹಿಡಿದು ಮನೆಮನೆಗೆ ಹೋಗಿ ಬಸುರಿಯರ ತೂಕ, ರಕ್ತದೊತ್ತಡ, ಊತ ನೋಡಿ ಬರೆದುಕೊಳ್ಳುತ್ತಿದ್ದರು. ಸರದಿಯ ದಿನ ಹೆಂಗಸು ಸಿಗದಿದ್ದರೆ ಅವಳ ಹೆಸರಿನ ಗೋಲ ಕೆಂಪಾಗುತ್ತಿತ್ತು. ಮೂರೂ ತಾಲೂಕಿನ ಪರದೆ ಕೆಂಪೋ ಕೆಂಪು. ದಾನ ಕೊಡುವವರು ಅದನ್ನು ನೋಡಿ, ಇಷ್ಟು ಹೆಂಗಸರನ್ನು ಎಲ್ಲಿ ಕಳೆದಿರಿ ಎಂದು ಸಂಸ್ಥೆಯವರನ್ನು ಕೇಳಿದರು. ಸಂಸ್ಥೆಯವರು, ಇಂಥ ಗೋಲ ನಮಗೆ ಬೇಡ, ತೆಗೆದುಕೊಂಡು ಹೋಗಿ ಅಂದರು.

ಸುಮಿತ ಪುಣೆಯಿಂದ ಕಾರು ಹೊಡೆದುಕೊಂಡು ಬಂದ. ಚುರುಮುರಿ ತರಿಸಿದ. ತಿನ್ನಲಿಲ್ಲ. ಇಷ್ಟು ಮಂದಿ ಎಲ್ಲಿ ಹೋಗುತ್ತಾರೆ ಅಕ್ಕಾ ಎಂದು ಕೇಳಿದ. ಸಾರಿಕಾಳಿಗೆ ನಗು ಬಂತು.

"ಎಲ್ಲಿ ಹೋಗ್ತಾರ? ತವರಿಗೆ ಹೋಗ್ಯಾರ. ಚೊಚ್ಚಲ ಬಸುರಿ ಅತ್ತಿಮನ್ಯಾಗ ಹಡೀತಾಳೇನು? ನೀ ನಿಲಂಗಾದಾಂವ ಹೌದೋ ಅಲ್ಲೋ?"

ಏಳನೆಯ ತಿಂಗಳಿಗೆ ಕುಬಸ, ಸೀಮಂತದ ಶಾಸ್ತ್ರ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬಿಸಿಕೊಂಡು ತವರಿನವರ ಜೊತೆ ಹೊರಟುಬಿಡುತ್ತಾಳೆ. ನಿಲಂಗಾದ ಸೊಸೆ ಉಮರ್ಗಾಕ್ಕೆ, ಉಮರ್ಗಾದವಳು ಆಳಂದ, ಬಸವಕಲ್ಯಾಣದ ಕಡೆಗೆ. ಸಿಸ್ಟರು ಹೋದಾಗ ಅತ್ತೆ ಬಾಗಿಲಲ್ಲಿ ನಿಂತು, ಇಲ್ಲರೀ, ಹೋಗ್ಯಾಳ, ಅನ್ನುತ್ತಾಳೆ. ಗೋಲ ಕೆಂಪಾಗುತ್ತದೆ. ಇದರಲ್ಲಿ ಕಳೆದದ್ದೇನು? ತಾಯಿಯ ಕೈಯಲ್ಲಿ ಇರುವುದಕ್ಕಿಂತ ಭದ್ರ ಯಾವುದು? ಸಾರಿಕಾ ತಾನೂ ಹಾಗೇ ಮುರುಮಕ್ಕೆ ಹೋಗಿ, ತಾಯಿ ಕೊಟ್ಟದ್ದು ತಿಂದು, ದುಂಡಗಾಗಿ, ಮಗಳನ್ನು ಎತ್ತಿಕೊಂಡು ಬಂದವಳು.

ಸುಮಿತ ತೊಡೆ ಬಡಿದುಕೊಂಡ. ಪುಣೆಯ ಹುಡುಗರಿಗೆ ಇದು ಏಳು ಜನ್ಮಕ್ಕೂ ಹೊಳೆಯುತ್ತಿರಲಿಲ್ಲ ಅಂದ. ಅಂದೇ ಮಧ್ಯಾಹ್ನ ಸಾರಿಕಾ ನಿಯಮ ಬರೆದಳು. ಚೊಚ್ಚಲ ಬಸುರಿ, ಏಳು ತಿಂಗಳು ದಾಟಿದೆ, ಗಂಡನ ಮನೆಯಲ್ಲಿಲ್ಲ, ಇಷ್ಟಿದ್ದರೆ ತವರಿಗೆ ಹೋಗಿದ್ದಾಳೆ ಎಂದು ತಿಳಿ. ಬಣ್ಣ ಯಾವುದಿರಲಿ ಎಂದು ಸುಮಿತ ಕೇಳಿದ. ಕುಬಸದ ಸೀರೆಯ ಬಣ್ಣವೇ ಇರಲಿ ಎಂದು ಅವಳೇ ಹೇಳಿದಳು. ಮೂರು ತಾಲೂಕು ಒಮ್ಮೆಲೆ ಹಸಿರಾಯಿತು, ಮಳೆ ಬಿದ್ದ ಮೇಲಿನ ಹೊಲದ ಹಾಗೆ. ಸಂಸ್ಥೆಯವರು ಪೇಢೆ ಕಳಿಸಿದರು. ಹೂಡಿಕೆದಾರರು ಬಂದು ಆ ಪರದೆಯ ಮುಂದೆ ಫೋಟೋ ತೆಗೆಸಿಕೊಂಡು, ನೆಲದ ತಿಳಿವಳಿಕೆ ಅಂದರೆ ಇದು ಎಂದರು. ಕಾಗದಪತ್ರ ಆಗುವುದಷ್ಟೇ ಬಾಕಿ.

ಹೊಸ ಟ್ಯಾಬುಗಳ ತರಬೇತಿಗೆಂದು ಸಿಸ್ಟರುಗಳು ಉದಗೀರಕ್ಕೆ ಬಂದ ದಿನ, ಎಲ್ಲರೂ ಊಟಕ್ಕೆದ್ದ ಮೇಲೂ ಒಬ್ಬಳು ಏಳದೆ ಕೂತಿದ್ದಳು. ನಿಲಂಗಾದ ಶಿವಕಾಂತಾ. ಹತ್ತಾರು ಹಳ್ಳಿ ಸುತ್ತಿ ಚಪ್ಪಲಿ ಸವೆಸಿದವಳು, ಬಾಯಿ ಜೋರು. ಆವತ್ತು ಮಾತ್ರ ದನಿ ತಗ್ಗಿಸಿ, ಒಂದು ಮಾತು ಕೇಳಲೇನ್ರೀ ಅಂದಳು. ಶಿರೂರ ಅನಂತಪಾಳದ ದಾರಿಯಲ್ಲಿ ತೊಂಬತ್ತಮೂರರ ಭೂಕಂಪದ ನಂತರ ಕಟ್ಟಿದ ಒಂದು ಊರಿದೆ. ಅಲ್ಲಿಯ ಸೊಸೆ ವೈಷ್ಣವಿ, ಚೊಚ್ಚಲ. ಕೊನೆಯ ಸಲ ನೋಡಿದಾಗ ರಕ್ತದೊತ್ತಡ ಏರಿತ್ತು, ಕೈಬೆರಳು ಉಬ್ಬಿ ಉಂಗುರ ಹೊರಳುತ್ತಿರಲಿಲ್ಲ. ವಾರಕ್ಕೊಮ್ಮೆ ನೋಡಬೇಕಾದವಳು. ಮುಂದಿನ ಸರದಿಗೆ ಹೋದರೆ ಅತ್ತೆ, ತವರಿಗೆ ಹೋದಳು, ಮುರುಮಕ್ಕೆ, ಅಂದಳಂತೆ.

"ಮದಲ ಹಿಂಗ ಕೆಂಪ ಬಂದ್ರ ನಾ ಬಿಡತಿದ್ದಿಲ್ಲರಿ. ಅತ್ತಿಗಿ, ಗಂಡಗ, ಬೀಗರಿಗೆ ಫೋನ ಹಚ್ಚಿ ಹಚ್ಚಿ ಹುಡುಕತಿದ್ದೆ. ಬೈಸ್ಕೊಂಡ್ರೂ ಹುಡುಕತಿದ್ದೆ. ಈ ಸಲ ಹಸಿರ ಬಂತು. ಡಾಕ್ಟರು ನೋಡಿ ಹಸಿರ ಮಾಡ್ಯಾರಂದ ಮ್ಯಾಲ ನಂದೇನು ಅಂತ ಬಿಟ್ಟೆ. ಖರೆ, ಆಕಿ ಬೆರಳ ಕಣ್ಣ ಮುಂದಿಂದ ಹೋಗವಲ್ವು."

"ಯಾವ ಡಾಕ್ಟರು?"

"ಗೋಲ ನೋಡೋ ಡಾಕ್ಟರು. ಸಂಸ್ಥೆದವರು ಇರ್ತಾರಲ್ರಿ ಯಾರರ ಒಬ್ಬರು, ಮ್ಯಾಲ."

ಮೇಲೆ ಯಾರೂ ಇರಲಿಲ್ಲ. ಚುರುಮುರಿ ತಿನ್ನುತ್ತ ಅವಳೇ ಬರೆದ ಮೂರು ಸಾಲು ಇದ್ದವು.

ಅಲ್ಲೇ ಲ್ಯಾಪ್‌ಟಾಪು ತೆರೆದು ವೈಷ್ಣವಿಯ ಗೋಲ ಒತ್ತಿದಳು. ಹಸಿರಿನ ಕೆಳಗೆ ಶಿವಕಾಂತಾ ಬರೆದದ್ದೆಲ್ಲ ಹಾಗೇ ಇತ್ತು, ಒತ್ತಡ, ಊತ, ತಲೆಶೂಲೆ. ಆದರೆ ಹಸಿರನ್ನು ಯಾರೂ ಒತ್ತುವುದಿಲ್ಲ. ಒತ್ತುವ ಕೆಲಸ ಉಳಿಸುವುದಕ್ಕೇ ಹಸಿರು ಮಾಡಿದ್ದು. ತವರೂರಿನಲ್ಲಿ ಅಲ್ಲಿಯ ಸಿಸ್ಟರು ಬರೆದುಕೊಂಡಿರಬೇಕು, ಅದನ್ನು ಇದಕ್ಕೆ ಜೋಡಿಸಿದರಾಯಿತು ಎಂದು ಉಮರ್ಗಾ ತಾಲೂಕಿನ ಪಟ್ಟಿಯಲ್ಲಿ ವೈಷ್ಣವಿ ಎಂದು ಹುಡುಕಿದಳು. ಒಬ್ಬಳೂ ಇಲ್ಲ. ಗಂಡನ ಹೆಸರು ವೈಜನಾಥ ಎಂದು ಹುಡುಕಿದಳು, ಅವನ ಫೋನ್ ನಂಬರು ಹಾಕಿ ಹುಡುಕಿದಳು. ಇಲ್ಲ. ವೈಜನಾಥನಿಗೆ ಫೋನು ಮಾಡಿದರೆ ಬಂದ್. ಸಕ್ಕರೆ ಕಾರ್ಖಾನೆಯ ಪಾಳಿಯಲ್ಲಿ ಫೋನು ಹೊರಗಿಡಿಸುತ್ತಾರೆ ಎಂದು ಶಿವಕಾಂತಾ ಹೇಳಿದಳು.

ಸಾರಿಕಾ ತಂದೆಗೆ ಫೋನು ಹಚ್ಚಿದಳು. ಮುರುಮದಲ್ಲಿ ಪ್ರಭುಲಿಂಗಯ್ಯನವರು ಕಾಲಿಡದ ಭಕ್ತರ ಮನೆಯಿಲ್ಲ. ನಿಲಂಗಾದ ಕಡೆಯಿಂದ ವೈಷ್ಣವಿ ಅನ್ನುವವಳು ಹೆರಿಗೆಗೆ ಬಂದಾಳೇನಪ್ಪಾ ಎಂದು ಕೇಳಿದಳು. ಅವರು ಸಾವಕಾಶವಾಗಿ ಓಣಿಓಣಿಯನ್ನೂ ಮನಸ್ಸಿನಲ್ಲೇ ನಡೆದು ಬಂದರು. "ವೈಷ್ಣವಿ? ಆ ಹೆಸರಿನ ಮಗಳು ನಮ್ಮೂರಾಗ ಇಲ್ಲವಾ. ನಾ ಇಟ್ಟ ಹೆಸರು ನನಗ ಗೊತ್ತಿಲ್ಲೇನು? ಬ್ಯಾರೆ ಮುರುಮ ಇರಬೇಕು ನೋಡು."

ತಂದೆ ಇಲ್ಲ ಅಂದಮೇಲೆ ಇಲ್ಲ. ಅತ್ತೆ ಊರು ತಪ್ಪಿ ಹೇಳಿರಬೇಕೆಂದು ಇಬ್ಬರೂ ಮಾತಾಡಿಕೊಂಡರು. ನಾಳೆ ಹೋಗಿ ಸರಿಯಾಗಿ ಕೇಳಿ ಬರುತ್ತೇನೆಂದು ಶಿವಕಾಂತಾ ಕೊನೆಯ ಬಸ್ಸಿಗೆ ಹೊರಟಳು.

ಮರುದಿನ ಬೆಳಿಗ್ಗೆ ಸಾರಿಕಾ ಪೂಜೆಗೆ ಕೂತಿದ್ದಳು. ಅಡುಗೆಮನೆಯಿಂದ ಅತ್ತೆ ವಿಮಲಾಬಾಯಿ ಕೂಗಿದರು, "ಗಿರಿಜಾ, ಚಹಾ ಆರಲತ್ತದ."

ಅವಳು ಏಳಲಿಲ್ಲ. ಅಂಗೈಯಲ್ಲಿ ಲಿಂಗ ಹಿಡಿದವಳು ಹಾಗೇ ಕೂತಳು. ಈ ಮನೆಯಲ್ಲಿ ಅವಳು ಗಿರಿಜಾ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ಗಂಡ ಬರೆದ ಹೆಸರು ಅದು. ಈ ಕಡೆ ಎಲ್ಲರಲ್ಲೂ ಉಂಟು; ಹೊಸ್ತಿಲು ದಾಟುವ ಮುಂಚೆ ಹೆಣ್ಣಿಗೆ ಹೊಸ ಹೆಸರು. ಕಚೇರಿಯಲ್ಲಿ, ಆಧಾರ್‌ನಲ್ಲಿ, ತಂದೆಯ ಬಾಯಲ್ಲಿ ಸಾರಿಕಾ. ಒಲೆಯ ಮುಂದೆ ಗಿರಿಜಾ. ಎಷ್ಟೋ ವರ್ಷದಿಂದ ಎರಡು ಕೂಗಿಗೂ ಓಗೊಟ್ಟು ಅಭ್ಯಾಸವಾಗಿ, ಎರಡು ಹೆಸರಿವೆ ಎಂಬುದೇ ಮರೆತುಹೋಗಿತ್ತು. ಗಂಡನ ಮನೆಯಲ್ಲಿ ವೈಷ್ಣವಿಯಾದವಳು ಮುರುಮದಲ್ಲಿ ವೈಷ್ಣವಿ ಹೇಗಾಗುತ್ತಾಳೆ? ಅಲ್ಲಿ ಹುಟ್ಟಿದ ಹೆಸರು, ತಂದೆಯ ಫೋನು. ಅಲ್ಲಿಯ ಸಿಸ್ಟರು ಅವಳನ್ನು ಹೊಸಬಳೆಂದು ಬರೆದುಕೊಂಡಿರುತ್ತಾಳೆ. ಹಿಂದಿನ ತೊಂದರೆ ಏನೂ ಇಲ್ಲ, ಸರದಿ ಬಂದಾಗ ನೋಡಿದರಾಯಿತು ಎಂದು ಗೋಲವೇ ಅವಳಿಗೆ ಹೇಳಿರುತ್ತದೆ. ಪರದೆಯ ಮೇಲೆ ಇಬ್ಬರು ಹೆಂಗಸರು. ಒಬ್ಬಳು ಸುಖವಾಗಿ ತವರಿಗೆ ಹೋದವಳು, ಇನ್ನೊಬ್ಬಳಿಗೆ ರೋಗವೇ ಇಲ್ಲ.

ಪೂಜೆಯನ್ನು ಅರ್ಧಕ್ಕೇ ನಿಲ್ಲಿಸಿ ಶಿವಕಾಂತಾಳಿಗೆ ಫೋನು ಮಾಡಿದಳು. ಆಕೆ ಆಗಲೇ ವೈಷ್ಣವಿಯ ಅತ್ತೆ ಸುಮಿತ್ರಾಬಾಯಿಯ ಬಾಗಿಲಲ್ಲಿದ್ದಳು. ಹುಡುಗಿಯ ತವರ ಹೆಸರು ಕೇಳು ಎಂದಳು ಸಾರಿಕಾ. ಫೋನು ಕಿವಿಯಲ್ಲಿರುವಾಗಲೇ ಅತ್ತ ಶಿವಕಾಂತಾ ಕೇಳಿದ್ದು, ಸುಮಿತ್ರಾಬಾಯಿ ಕೊಟ್ಟ ಉತ್ತರ, ಎರಡೂ ಅವಳಿಗೆ ಕೇಳಿಸಿದವು.

"ತವರ ಹೆಸರು ಯಾಕ ಬೇಕು ನಿನಗ? ಅದು ಅಲ್ಲೇ ಮುಗೀತು. ನಮ್ಮ ಮನ್ಯಾಗ ಆಕಿ ವೈಷ್ಣವಿ."

"ಅಕ್ಕಾರ, ಹುಡುಗಿ ಜೀವದ ಮಾತದ."

"ಜೀವದ ಮಾತಂತನ ಹೇಳಲತ್ತೀನಿ. ನಾ ಆ ಇನ್ನೊಂದ ಹೆಸರ ಬಾಯಾಗ ತರಂಗಿಲ್ಲ. ತಂದ್ರ ಈಕಿ ನನ್ನ ಕೈಗೆ ಹತ್ತಂಗಿಲ್ಲ."

ಆಮೇಲೆ ಶಿವಕಾಂತಾ ಅಂಗಳಕ್ಕೆ ಬಂದು ಪಿಸುದನಿಯಲ್ಲಿ ವಿಷಯ ಬಿಡಿಸಿದಳು. ವೈಷ್ಣವಿ ಸುಮಿತ್ರಾಬಾಯಿಯ ಮಗಳ ಹೆಸರು. ಗಣಪತಿ ಮುಳುಗಿಸಿ ಬಂದು ಮಲಗಿದ ಆ ರಾತ್ರಿ ಭೂಮಿ ನಡುಗಿ ಹಳೆಯ ಊರು ಕುಸಿದಾಗ, ಕಲ್ಲುಮಣ್ಣಿನ ಗೋಡೆ ಮಗುವಿನ ಮೇಲೆ ಬಿತ್ತು. ಮಗನ ಮದುವೆಯಲ್ಲಿ ಅಕ್ಕಿಯ ತಾಟು ಬಂದಾಗ ತಾಯಿಯೇ ಆ ಹೆಸರು ಹೇಳಿ ಬರೆಸಿದ್ದಳು. ಸೊಸೆಯನ್ನು ಕರೆಯುವ ನೆಪದಲ್ಲಿ ದಿನಕ್ಕೆ ಎಷ್ಟೋ ಸಲ ಮಗಳನ್ನು ಕರೆಯುತ್ತಿದ್ದಳು.

ಸಾರಿಕಾ ಫೋನು ಸುಮಿತ್ರಾಬಾಯಿಯ ಕಿವಿಗೆ ಕೊಡಿಸಿದಳು. ತಾನು ಜಂಗಮರ ಮಗಳೆಂದು ಹೇಳಿದಳು, ಕೈಮುಗಿದು ಕೇಳಿದಳು. ಆ ಮುದುಕಿ, ನನ್ನ ಮಗ ಪಾಳಿ ಮುಗಿಸಿ ಬರಲಿ, ಅಂವಾ ಬೇಕಾದ್ರ ಹೇಳಲಿ, ನಾ ಒಲ್ಲೆ, ಎಂದು ಫೋನು ಕೆಳಗಿಟ್ಟಳು. ಬೀಗರ ಹೆಸರು, ನಂಬರು ಕೇಳಿದ್ದಕ್ಕೂ ಅದೇ ಉತ್ತರ. ಪಾಳಿ ಮುಗಿಯುವುದು ಮಧ್ಯಾಹ್ನ.

ಸಾರಿಕಾಳಿಗೆ ಕೂಡಲಾಗಲಿಲ್ಲ. ಮುರುಮ ನೋಡುವ ಉಮರ್ಗಾದ ಸಿಸ್ಟರಿಗೆ ಹೇಳೋಣವೆಂದರೆ, ಅಂಥ ದೊಡ್ಡ ಊರಲ್ಲಿ ಹೊಸಬರೆಂದು ಬರೆದುಕೊಂಡ ಚೊಚ್ಚಲಿನವರೇ ಹತ್ತಾರು, ಅವರಲ್ಲಿ ಯಾರನ್ನೆಂದು ಹೇಳುವುದು? ಆದರೂ ಹೇಳಿದಳು, ಚೊಚ್ಚಲಿನವರನ್ನೆಲ್ಲ ಇವತ್ತೇ ನೋಡಿ ಅಂದಳು. ಆಕೆ, ಸರದಿ ಬಿಟ್ಟು ಹೋದರೆ ಸಾಹೇಬರು ಕೇಳುತ್ತಾರೆ, ಮೇಲಿನಿಂದ ಹೇಳಿಸಿ, ಅಂದಳು. ಮೇಲಿನಿಂದ ಎಂದು ಸಂಸ್ಥೆಗೆ ಫೋನು ಮಾಡಿದರೆ, ಗೋಲದಲ್ಲಿ ಹಾಗೇನೂ ತೋರಿಸುತ್ತಿಲ್ಲವಲ್ಲ, ಅಂದರು. ಸಾರಿಕಾ ನಿಲಂಗಾದ ಬಸ್ಸು ಹತ್ತಿದಳು. ಅಲ್ಲಿಂದ ಕಾಸಾರ ಸಿರ್ಸಿಯ ಮೇಲೆ ಹೋಗುವ ಇನ್ನೊಂದು ಗಾಡಿ ಹಿಡಿದು ಮುರುಮಕ್ಕೆ ಹೋಗಿ ತಾನೇ ಮನೆಮನೆ ಹೊಕ್ಕರಾಯಿತು ಅಂದುಕೊಂಡಿದ್ದಳು. ತಂದೆಗೆ ಎರಡು ಸಲ ಹಚ್ಚಿದಳು. ಯಾರದೋ ಮನೆಯ ಪೂಜೆಯಲ್ಲಿರಬೇಕು, ಎತ್ತಲಿಲ್ಲ.

ಗಾಡಿ ಸಿರ್ಸಿ ದಾಟುವಾಗ ವೈಜನಾಥನ ಫೋನು ಬಂತು. ಪಾಳಿ ಮುಗಿಸಿ ಬಂದವನು ಶಿವಕಾಂತಾ ಹೇಳಿದ್ದು ಕೇಳಿದ ಕೂಡಲೇ ಹಚ್ಚಿದ್ದ. ಉಮಾಶ್ರೀ ಅಂದ. ಮಾವನ ಹೆಸರು ಜಗದೇವಪ್ಪ, ಧಾನ್ಯದ ಪೇಟೆಯಲ್ಲಿ ಮನೆ. ನಿನ್ನೆ ಫೋನಿನಲ್ಲಿ ಕಣ್ಣ ಮುಂದೆ ಚುಕ್ಕಿ ಬರುತ್ತವೆ ಅಂದಿದ್ದಳಂತೆ. ಬಿಸಿಲಿಗೆ ಇರಬೇಕೆಂದು ಇವನು ಅಂದಿದ್ದನಂತೆ.

ಸಾರಿಕಾ ತಂದೆಗೆ ಮತ್ತೆ ಹಚ್ಚಿದಳು. ಈ ಸಲ ಎತ್ತಿದರು.

"ಉಮಾಶ್ರೀಯಾ? ನಮ್ಮ ಜಗದೇವಪ್ಪನ ಮಗಳಲ್ಲಾ. ತಲಿಶೂಲಿ ಬಾಳ ಅದ ಅಂತ ನಿನ್ನೆ ಕರಿಸಿದ್ರು, ಮಂತ್ರಿಸಿ ವಿಭೂತಿ ಹಚ್ಚಿ ಬಂದೀನಿ. ನೀ ಯಾವುದೋ ವೈಷ್ಣವಿ ಅಂದಿ..."

ಅವರಿಗೂ ತಿಳಿಯಿತು.

ಪ್ರಭುಲಿಂಗಯ್ಯನವರು ಚಪ್ಪಲಿ ಮೆಟ್ಟದೆ ಪೇಟೆಗೆ ಓಡಿದರು. ಅವರು ಹೋಗುವಷ್ಟರಲ್ಲಿ ಜಗದೇವಪ್ಪನ ಅಂಗಳದಲ್ಲಿ ಮಂದಿ ಕೂಡಿತ್ತು. ಊಟಕ್ಕೆ ಕೂತ ಹುಡುಗಿ ತುತ್ತು ಎತ್ತಿದವಳು ಹಾಗೇ ಸೆಟೆದುಕೊಂಡು ಬಿದ್ದಿದ್ದಳು. ಹಲ್ಲು ಕಚ್ಚಿ ನಾಲಿಗೆಯಿಂದ ರಕ್ತ ಬಂದಿತ್ತು. ದೇವರು ಮೈದುಂಬಿದ್ದಾನೆಂದು ಒಬ್ಬಳು, ಗಾಳಿಯೆಂದು ಇನ್ನೊಬ್ಬಳು. ಅಯ್ಯನವರು ಎಂದೂ ದನಿ ಏರಿಸದವರು, ಅವತ್ತು ಬೈದು ಗಾಡಿ ತರಿಸಿದರಂತೆ. ಉಮರ್ಗಾದಲ್ಲಿ ಸೂಜಿ ಹಾಕಿ, ತಡವಾಗಿದೆ, ಸೊಲ್ಲಾಪುರಕ್ಕೆ ಒಯ್ಯಿರಿ ಅಂದರು. ಸಾರಿಕಾ ಉಮರ್ಗಾ ನಾಕಾದಲ್ಲಿ ಇಳಿದು ಮುರುಮದ ಗಾಡಿಗೆ ಕಾಯುತ್ತಿದ್ದಾಗ ಆ ಆಂಬುಲೆನ್ಸು ಕೂಗುತ್ತ ಅವಳ ಮುಂದೆಯೇ ಹಾದುಹೋಯಿತು. ಅದೇ ಎಂದು ಅವಳಿಗೆ ಗೊತ್ತಿರಲಿಲ್ಲ.

ಸೊಲ್ಲಾಪುರದ ದಾರಿಯಲ್ಲಿ, ನಳದುರ್ಗ ದಾಟುವ ಮೊದಲೇ ಹುಡುಗಿ ತೀರಿಕೊಂಡಳು. ಹೊಟ್ಟೆಯಲ್ಲಿದ್ದದ್ದೂ ಅವಳ ಜೊತೆಗೇ ಹೋಯಿತು.

ಮಣ್ಣು ಮುರುಮದಲ್ಲೇ ಎಂದು ಮಾತಾಯಿತು. ನಿಲಂಗಾದಿಂದ ಗಂಡ, ಅತ್ತೆ ಬಂದರು. ಹಸಿರು ಸೀರೆಯುಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಕೈಬೆರಳ ಊತ ಇಳಿದಿರಲಿಲ್ಲ. ಉಂಗುರ ತೆಗೆಯಲು ಹೋಗಿ ಬಾರದೆ ಬಿಟ್ಟಿದ್ದರು. ತಾಯಿ ಮಗಳ ತೊಡೆಯ ಮೇಲೆ ತಲೆಯಿಟ್ಟು, ನನ್ನ ಉಮಾ, ನನ್ನ ಉಮಾ, ಎಂದು ಹಾಡಿ ಅಳುತ್ತಿದ್ದಳು. ಸುಮಿತ್ರಾಬಾಯಿ ಅಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಕಿವಿಯಲ್ಲಿ ಮಂತ್ರ ಹೇಳುವ ಮೊದಲು ಹೆಸರು ಹಿಡಿಯಬೇಕು. ಮದುವೆಯಾದವಳಿಗೆ ಗಂಡನ ಮನೆಯ ಹೆಸರೇ ಸಲ್ಲುವುದು. ಪ್ರಭುಲಿಂಗಯ್ಯನವರು ತಾವೇ ತೊಟ್ಟಿಲಲ್ಲಿ ಹೆಸರಿಟ್ಟ ಹುಡುಗಿಯ ಮುಂದೆ ಕೂತು, ತಲೆ ಎತ್ತದೆ, ಯಾವ ಹೆಸರಲೆ ಹೇಳಲಿ ತಾಯಿ ಎಂದು ಸುಮಿತ್ರಾಬಾಯಿಯನ್ನು ಕೇಳಿದರು. ಎಲ್ಲರೂ ಅವಳ ಕಡೆ ನೋಡಿದರು. ಹುಡುಗಿಯ ತಾಯಿ ಅಳು ನಿಲ್ಲಿಸಿದಳು.

"ಉಮಾಶ್ರೀ ಅನ್ರಿ," ಅಂದಳು ಸುಮಿತ್ರಾಬಾಯಿ. ಆ ಹೆಸರು ಅವಳ ಬಾಯಿಂದ ಮೊದಲ ಸಲ ಬಂತು. "ವೈಷ್ಣವಿ ಅನ್ನೋದನ್ನ ನಾ ಒಂದ ಸಲ ಮಣ್ಣಿಗಿ ಹಾಕೀನಿ. ಇನ್ನೊಮ್ಮಿ ನನ್ನ ಕೈಲೆ ಆಗಂಗಿಲ್ಲ. ಇದು ನಿಮ್ಮ ಮಗಳು, ನಿಮ್ಮ ಹೆಸರಲೆ ಕಳಸ್ರಿ."

ಜಗದೇವಪ್ಪ ಏನೋ ಅನ್ನಲು ಬಾಯಿ ತೆರೆದ. ಪ್ರಭುಲಿಂಗಯ್ಯನವರು ಕೈ ಎತ್ತಿ ತಡೆದು, ಬಾಗಿ, ಕಿವಿಯ ಹತ್ತಿರ ಹೋದರು. ಜೀವಮಾನವಿಡೀ ಪದ್ಯ ಹೇಳಿದ ಕೊರಳಿನಲ್ಲಿ ಉಮಾಶ್ರೀ ಎಂದು ಕರೆದರು. ಸಾರಿಕಾ ಹೆಂಗಸರ ಹಿಂದೆ ನಿಂತು ಕೇಳಿದಳು. ಕೇಳುವುದೊಂದೇ ಉಳಿದಿತ್ತು.

ಮಣ್ಣು ಮುಗಿದ ಮೇಲೆ ಅಲ್ಲಿಂದಲೇ, ಹಳ್ಳದ ದಂಡೆಯ ಬೇವಿನ ಗಿಡದ ಕೆಳಗೆ ನಿಂತು, ಸುಮಿತನಿಗೆ ಫೋನು ಮಾಡಿ ಎಲ್ಲ ಹೇಳಿದಳು. ಆ ನಿಯಮ ಇವತ್ತೇ ತೆಗೆಯಬೇಕು ಅಂದಳು. ಅವನಿಗೆ ದುಃಖವಾದದ್ದು ಉಸಿರಿನಲ್ಲೇ ಗೊತ್ತಾಗುತ್ತಿತ್ತು. ಅವನದೂ ಭೂಕಂಪದಲ್ಲಿ ಅಜ್ಜಿಯನ್ನು ಕಳೆದುಕೊಂಡ ಮನೆ, ಕಲ್ಲೆದೆಯವನಲ್ಲ. ಮೆಲ್ಲಗೆ ಹೇಳಿದ.

"ಅಕ್ಕಾ, ಮುಂಬಯಿದವರು ಮುಂದಿನ ವಾರ ಸಹಿ ಮಾಡ್ತಾರ. ಅಲ್ಲೀತನ ಕೈ ಹಚ್ಚಬ್ಯಾಡ್ರಿ. ಆಮ್ಯಾಲ ಎರಡು ಹೆಸರಿಂದು ಏನರ ಹಾದಿ ಹುಡುಕೋಣು." ಅದರ ಬೆನ್ನಿಗೇ, "ಮತ್ತ ತಪ್ಪ ತಿಳೀಬ್ಯಾಡ್ರಿ, ನಾ ಕೇಳಿದ್ದೆ. ತವರಿಗೆ ಹೋಗ್ಯಾರ ಅಂತ ನೀವಽ ಹೇಳಿದ್ರಿ."

ಹೇಳಿದ್ದು ಖರೆಯೇ. ತವರಿಗೆ ಹೋದದ್ದೂ ಖರೆಯೇ.

ಮರುದಿನ ಉದಗೀರಕ್ಕೆ ಬಂದವಳೇ ಮನೆಗೆ ಹೋಗದೆ ಕಚೇರಿಯ ಮೆಟ್ಟಿಲು ಹತ್ತಿದಳು. ಕೆಳಗೆ ತೊಗರಿಯ ಮಷೀನು ಗುಡುಗುತ್ತಿತ್ತು. ತಾನು ಬರೆದ ಸಾಲುಗಳನ್ನು ಹುಡುಕಿ ಅಳಿಸಿದಳು. ಪರದೆ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಉದಗೀರ, ನಿಲಂಗಾ, ಉಮರ್ಗಾ ಒಂದರ ಹಿಂದೊಂದು ಕೆಂಪಾದವು. ಮೇಲಿನಿಂದ ಕೆಳಗೆ ಹೆಸರುಗಳು. ಎಲ್ಲ ಗಂಡನ ಮನೆಯ ಹೆಸರುಗಳು. ಇವತ್ತು ಯಾರ ಕಾಲು ಊದಿದೆ, ಯಾರ ಕಣ್ಣ ಮುಂದೆ ಚುಕ್ಕಿ ಬರುತ್ತಿವೆ, ಯಾವ ಊರಿನಲ್ಲಿ ಯಾವ ಹೆಸರಿನಿಂದ ಕರೆದರೆ ತಿರುಗಿ ನೋಡುತ್ತಾಳೆ, ಅದು ಯಾವುದೂ ಅಲ್ಲಿರಲಿಲ್ಲ.

ಮೊದಲ ಫೋನು ಉಮರ್ಗಾದ ಸಿಸ್ಟರಿಂದ. ಉಮಾಶ್ರೀಯನ್ನು ಹೊಸಬಳೆಂದು ಬರೆದುಕೊಂಡವಳು ಅವಳೇ. ಅತ್ತು ಅತ್ತು ದನಿ ಬಿದ್ದುಹೋಗಿತ್ತು. ಇಷ್ಟು ಕೆಂಪು ಎಲ್ಲಿಂದ ಬಂತು, ನಾನು ಎಲ್ಲಿಂದ ಸುರು ಮಾಡಲಿ ಎಂದು ಕೇಳಿದಳು. ಒಬ್ಬೊಬ್ಬಳ ಅತ್ತೆಮನೆಗೂ ಹೋಗಿ ತವರ ಊರು, ತವರ ಹೆಸರು ಕೇಳಿ ಬರೆದುಕೊಳ್ಳಿರಿ, ಇವತ್ತೇ ಹೋಗಿರಿ, ನಾನೂ ಬರುತ್ತೇನೆ ಎಂದು ಸಾರಿಕಾ ಹೇಳುತ್ತಿದ್ದಳು. ಹೇಳುತ್ತಿರುವಾಗಲೇ ಪರದೆ ಒಮ್ಮೆ ಮಿಣುಕಿತು. ಪುಣೆಯಲ್ಲಿ ಯಾರೋ ಹಳೆಯದನ್ನು ತಿರುಗಿ ಹಾಕಿದ್ದರು. ಮೂರು ತಾಲೂಕೂ ಹಸಿರಾದವು. ಅದರ ಹಿಂದೆಯೇ ಅವಳ ಪ್ರವೇಶ ರದ್ದಾಗಿದೆ ಎಂಬ ಒಂದು ಸಾಲು ಬಂದು, ಪರದೆ ಬಿಳಿಯಾಯಿತು.

"ಹಾಂ, ಹೋತು ನೋಡ್ರಿ," ಅಂದಳು ಅತ್ತ ಸಿಸ್ಟರು. ಅವಳ ಉಸಿರು ಸಡಿಲಾದದ್ದು ಫೋನಿನಲ್ಲಿ ಕೇಳಿಸಿತು. "ಸುಮ್ಮ ಏನೋ ಆಗಿತ್ತು ಕಾಣಸ್ತದ. ಎಲ್ಲಾ ಹಸಿರ ಆತ್ರಿ."

"ಅದನ್ನ ನಂಬಬ್ಯಾಡ್ರಿ ಬಾಯಿ. ಅದು ಯಾರೂ ನೋಡಿ ಮಾಡಿದ್ದಲ್ಲ. ನಾ ಮಾಡಿದ್ದು."

ಸಿಸ್ಟರು ಕೇಳಿದಳು, "ನೀವು ಯಾರ ಪೈಕಿರಿ? ಸಂಸ್ಥೆದವರಲ್ಲೇನು?"

ಅಲ್ಲ ಅಂದಳು ಸಾರಿಕಾ. ಓಸರಿ ಎಂಬ ಹೆಸರು ಆ ಸಿಸ್ಟರ ಟ್ಯಾಬಿನಲ್ಲಿ ಎಲ್ಲೂ ಇರಲಿಲ್ಲ.

"ಹಂಗಾದ್ರ ನಾ ನಮ್ಮ ಸಾಹೇಬರಿಗೆ ಕೇಳಿ ಹೇಳ್ತೀನ್ರಿ. ಇವತ್ತ ಸರದಿ ಬಾಳ ಅದಾವ," ಎಂದು ಸಿಸ್ಟರು ಫೋನು ಇಟ್ಟಳು. ಇಡುವ ಮೊದಲು ಅವಳು ಗಾಡಿ ಸುರು ಮಾಡಿದ ಸಪ್ಪಳ ಕೇಳಿಸಿತು. ಯಾವ ಕಡೆ ಹೊರಟಳೋ ತಿಳಿಯಲಿಲ್ಲ.